ಮಧ್ಯಾಹ್ನದ ಬೆನ್ನಿಗೆ ಅಳತೆ

ನಾಸಿಕದ ಅಂಬಡ್‌ನಲ್ಲಿ ಸೂರ್ಯ ಹುಟ್ಟುವುದು ಮಹಾದೇವಪ್ಪ ಅಂಗಡಿಯ ಶಟರ್ ಎತ್ತಿದ ಮೇಲೆಯೇ. ಸುಳ್ಳೆನ್ನುವವರು ನಸುಕಿನಲ್ಲಿ ಬಂದು ನೋಡಲಿ. ಬೀದರ್ ಕಡೆಯ ಈ ಹಿರಿಯರು ಸ್ಪಂಜಿನ ಗುಡ್ಡಗಳ ನಡುವೆ ಕೂತು, ಆನೆಯನ್ನೇ ಸೀಳಬಲ್ಲ ಚಾಕುವಿನಿಂದ ಕೂದಲೆಳೆಯಷ್ಟು ಚೂರು ಕೆತ್ತುತ್ತಿದ್ದಾರೆ. ಮೊದಲು ಲಾರಿ ಸೀಟು ಹೊಲಿಯುತ್ತಿದ್ದವರು. ಈಗ ಗಾಲಿಕುರ್ಚಿಗಳಿಗೆ ಬೆನ್ನಾಸರೆ ಮಾಡುತ್ತಾರೆ.

"ಲಾರಿ ಡ್ರೈವರ್ ಸೀಟು ಚುಚ್ಚಿದ್ರ ಬೈತಾನ್ರಿ. ಈ ಕುರ್ಚಿಯವರು ಬೈಯಂಗಿಲ್ಲ, ಸುಮ್ಮ ಸಹಿಸ್ಕೋತಾರ. ಅದೇ ಖತರನಾಕ್."

ಇಂದಿನ ಕೆಲಸ ಸಂಭಾಜಿನಗರದ ಬ್ಯಾಂಕ್ ಉದ್ಯೋಗಿ ಮೈತ್ರೇಯಿಯವರದು. ಧಾರವಾಡದಿಂದ ವರ್ಗವಾಗಿ ಬಂದ ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್: ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹವೇ ಕೆಡಿಸಿಕೊಳ್ಳುವ ಕಾಯಿಲೆ. ಕಾಲು ಸೋತಿವೆ, ನಡುವಿನ ಸ್ನಾಯುಗಳು ದಣಿದಂತೆ ಬೆನ್ನು ಎಡಕ್ಕೆ ವಾಲುತ್ತದೆ. ವರ್ಷಗಟ್ಟಲೆ ಹೀಗೇ ಕೂತರೆ ಬೆನ್ನುಮೂಳೆಯೇ ಡೊಂಕಾದೀತು ಎಂದು ಫಿಸಿಯೋಥೆರಪಿಸ್ಟ್ ಸಮೀಕ್ಷಾ ಎಚ್ಚರಿಸಿದ್ದಾರೆ. ಸಂಜೆಯವರೆಗೆ ಕೂರಲಾಗದಿದ್ದರೆ ಮೈತ್ರೇಯಿ ತಮ್ಮ ಪ್ರೀತಿಯ ಕೌಂಟರ್ ಬಿಡಬೇಕು.

ಮೊದಲ ಆಸರೆಯನ್ನು ಮಹಾದೇವಪ್ಪ ಬೆಳಗಿನ ಹೊತ್ತು ಅಳತೆ ತೆಗೆದು ಮಾಡಿದ್ದರು. ಮೈಸೂರಿನ ಸಿಂಹಾಸನವೂ ನಾಚಿ ಗೋಡೆಗೆ ಮುಖ ಮಾಡಬೇಕು, ಹಾಗಿತ್ತು. ವಾರದಲ್ಲೇ ಮೈತ್ರೇಯಿಯವರ ಫೋನು ಬಂತು. "ಕಾಕಾ, ಮುಂಜಾನೆ ಭಾಳ ಚಲೋ ಇರ್ತದ. ಊಟ ಆದಮ್ಯಾಲೆ ಪಕ್ಕಡಿ ಎಲುಬಿಗೆ ಒತ್ತತದ."

ಭಾನುವಾರ ಮಹಾದೇವಪ್ಪ ಬಸ್ ಹಿಡಿದು, ಮಧ್ಯಾಹ್ನ ಹೇಳದೇ ಕೇಳದೇ ಮೈತ್ರೇಯಿಯವರ ಮನೆಗೆ ಹೋದರು. ಅವರು ಕುರ್ಚಿಯಲ್ಲಿ ಪೂರ್ತಿ ಎಡಕ್ಕೆ ಒರಗಿದ್ದರು. ಇವರನ್ನು ಕಂಡದ್ದೇ ಹಲ್ಲು ಕಚ್ಚಿ ನೆಟ್ಟಗಾದರು.

"ಏನ್ರಿ ಮೇಡಂ, ಈಗರೆ ಬಳ್ಳಿ ಇದ್ರಿ, ನನ್ನ ನೋಡಿ ಕಂಬ ಆದ್ರಿ?"

"ಹಿರೇರು ಮನಿಗೆ ಬಂದ್ರ ಸೊಟ್ಟ ಕುಂಡ್ರೂದು ಚಂದೇನ್ರಿ ಕಾಕಾ?"

"ಅಯ್ಯ! ಹಂಗಾರ ಅವತ್ತು ನಾ ಅಳತಿ ತಗೊಂಡಿದ್ದು ನಿಮ್ಮ ಬೆನ್ನಲ್ಲ, ನಿಮ್ಮ ಮರ್ಯಾದಿ!"

ಅಂದಿನಿಂದ ಮಹಾದೇವಪ್ಪನವರ ಪದ್ಧತಿಯೇ ಬೇರೆ. ಅಳತೆಗೆ ಗಿರಾಕಿಗಳ ಮನೆಗೆ ಊಟದ ನಂತರವೇ ಹೋಗುತ್ತಾರೆ. ಹೋದವರೇ ಗೋಡೆಗೊರಗಿ, ಕಾಲು ಚಾಚಿ, ಭೂಮಂಡಲದಲ್ಲಿ ಯಾರೂ ಕೂರದಷ್ಟು ಸೊಟ್ಟ ಕೂರುತ್ತಾರೆ. ಹರಟೆ ಶುರುವಾದರೆ ಗಡಿಯಾರದ ಮುಳ್ಳುಗಳೂ ಆಕಳಿಸುತ್ತವೆ. ಕುರ್ಚಿಯಲ್ಲಿರುವವರು ಮರ್ಯಾದೆ ಮರೆತು ಸಡಿಲಾಗುತ್ತಾರೆ. ಆಗ ಟೇಪು ಹೊರಬರುತ್ತದೆ. ಎಲ್ಲಿ ಎಷ್ಟು ಆಸರೆ ಬೇಕೆಂದು ಸಮೀಕ್ಷಾ ಗುರುತು ಹಾಕುತ್ತಾರೆ, ಕೆತ್ತುವುದು ಇವರು.

"ಮಂದಿ ಮನ್ಯಾಗ ಎಮ್ಮಿಯಂಗ ಬಿದ್ದು ಬರ್ತಾರ, ಅದಕ್ಕ ಧಂದಾ ಅಂತಾರ," ಹೆಂಡತಿ ಗುಂಡವ್ವ ಛೇಡಿಸುತ್ತಾರೆ.

ಮೈತ್ರೇಯಿಯವರಿಗೆ ಹೊಸ ಆಸರೆ ತಲುಪಿದ ವಾರ, ಸಂಜೆ ಬ್ಯಾಂಕ್ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಮಹಾದೇವಪ್ಪ ಫೋನ್ ಮಾಡುತ್ತಾರೆ. ಅತ್ತ ಗದ್ದಲ.

"ಕಾಕಾ, ಕೌಂಟರ್‌ನ್ಯಾಗ ಇದ್ದೀನಿ, ಗಿರಾಕಿ ನಿಂತಾರ್ರಿ. ಆಮ್ಯಾಲೆ ಮಾತಾಡ್ತೀನಿ." ಫೋನ್ ಕಟ್ಟಾಗುತ್ತದೆ.

"ಏನಂದ್ಲು?" ಗುಂಡವ್ವ ಕೇಳುತ್ತಾರೆ.

"ಬೆನ್ನಿನ ಸುದ್ದಿನೇ ತಗೀಲಿಲ್ಲ," ಎಂದು ಮಹಾದೇವಪ್ಪ ಮೀಸೆ ತೀಡುತ್ತಾರೆ.