ಮಳೆ ಅಳೆಯುವ ಪೆಟ್ಟಿಗೆಯ ನಾಲ್ಕನೇ ವರ್ಷ

ಹೊರಗೆ ಬೀಗ. ಒಳಗೆ ಎದ್ದು ಕೂರಲಾಗದ ಮನುಷ್ಯ. ಬಾಗಿಲ ಸಂದಿಯಿಂದ ನುಗ್ಗುತ್ತಿರುವ ಕಾಲುವೆ ನೀರು.

ಕಳೆದ ಗುರುವಾರ ಮಧ್ಯಾಹ್ನ ಬಾಪೂಜಿ ನಗರದ ನಮ್ಮ ಬೀದಿಯಲ್ಲಿ ಆ ಬೀಗವನ್ನು ಸುತ್ತಿಗೆಯಿಂದ ಒಡೆದವನು ನಾನೇ. ಒಳಗಿದ್ದವರು ನಮ್ಮ ಕೆಳಗಿನ ಮನೆಯ ಶಿವಣ್ಣ. ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದವರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಹೊಡೆದು ಬಲಭಾಗ, ಮಾತು ಎರಡೂ ಹೋದವು. ಹೆಂಡತಿ ರತ್ನಮ್ಮ ಬ್ಲೌಸ್ ಹೊಲಿದು ಮನೆ ನಡೆಸುತ್ತಾರೆ. ಅವತ್ತು ಹೊಲಿದದ್ದನ್ನು ಕೊಟ್ಟು ಬರಲು ವಿಜಯನಗರಕ್ಕೆ ಹೋಗಿದ್ದರು.

ಬಾಗಿಲು ತೆಗೆದಾಗ ನೀರು ಹಾಸಿಗೆ ಮುಟ್ಟಿತ್ತು. ಶಿವಣ್ಣ ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಂಬಿಗೆ ಬಡಿಯುತ್ತಿದ್ದರು. ಆ ಶಬ್ದ ನನಗೆ ಹತ್ತು ನಿಮಿಷದಿಂದ ಕೇಳಿಸುತ್ತಿತ್ತು. (ಯಾರದೋ ಮನೆಯ ಶೀಟು ಗಾಳಿಗೆ ಬಡಿಯುತ್ತಿದೆ ಅಂದುಕೊಂಡು ಕಾಫಿ ಮುಗಿಸಿದ್ದೆ. ಇದನ್ನು ರತ್ನಮ್ಮನಿಗೆ ಇನ್ನೂ ಹೇಳಿಲ್ಲ. ಈ ಅಂಕಣದಲ್ಲೇ ಓದಿಕೊಳ್ಳಲಿ ಅನ್ನುವಷ್ಟು ಹೇಡಿ ನಾನು.)

ಪಕ್ಕದ ಮನೆಯವರ ಜೊತೆ ಸೇರಿ ಅವರನ್ನು ಮಹಡಿಗೆ ಹೊತ್ತೆವು. ಅರ್ಧ ಗಂಟೆಯಾದ ಮೇಲೆ ರತ್ನಮ್ಮ ಮಂಡಿಯುದ್ದದ ನೀರು ತುಳಿದುಕೊಂಡು ಬಂದರು. ಗಂಡನನ್ನು ನೋಡಿದರು. ಅಳಲಿಲ್ಲ. ಬ್ಯಾಗಿನಿಂದ ಮೊಬೈಲ್ ತೆಗೆದು ನನ್ನ ಮುಖಕ್ಕೆ ಹಿಡಿದರು.

"ಮೆಸೇಜ್ ಬರ್ಲಿಲ್ಲ ಸಾರ್. ನೋಡಿ, ಬಂದೇ ಇಲ್ಲ."

ಯಾವ ಮೆಸೇಜು? ಹೇಳುತ್ತೇನೆ.

ಮೂರು ವರ್ಷದ ಹಿಂದೆ ಒಂದು ವಿದೇಶಿ ಸಂಸ್ಥೆಯವರು ನಮ್ಮ ಬೀದಿ ಕೊನೆಯ ಶಾಲೆಯ ತಾರಸಿ ಮೇಲೆ ಮಳೆ ಅಳೆಯುವ ಪೆಟ್ಟಿಗೆ ಇಟ್ಟರು. ನಮ್ಮ ಕಾಲುವೆಗೆ ನೀರು ಹರಿದು ಬರುವ ಮಹಾಲಕ್ಷ್ಮಿ ಲೇಔಟ್ ಕಡೆಯೂ ಅಂಥವೇ ಒಂದೆರಡು. ಅಲ್ಲಿ ಜೋರು ಮಳೆ ಬಿದ್ದರೆ ಪೆಟ್ಟಿಗೆ ಉಪಗ್ರಹಕ್ಕೆ ತಿಳಿಸುತ್ತದೆ. ಉಪಗ್ರಹ ಅವರ ದೇಶದ ಕಂಪ್ಯೂಟರ್‌ಗೆ. ಅಲ್ಲಿಂದ ನಮ್ಮ ಮೊಬೈಲಿಗೆ. ಇಲ್ಲಿಯ ಕಾಲುವೆ ಉಕ್ಕುವ ಹೊತ್ತಿಗೆ ನಾವು ಸಾಮಾನು ಮೇಲೆತ್ತಿ ಆಗಿರಬೇಕು. ಉದ್ಘಾಟನೆಗೆ ಹೋಗಿದ್ದೆ. ಹೊಗಳಿ ಬರೆದೂ ಇದ್ದೆ.

ಸುಳ್ಳು ಹೇಳಬಾರದು, ಮೂರು ಮಳೆಗಾಲ ಮೆಸೇಜು ತಪ್ಪದೆ ಬಂತು. ರತ್ನಮ್ಮ ಮೊದಲೆಲ್ಲ ಮೋಡ ಕಂಡರೆ ಹೊಸಿಲು ದಾಟುತ್ತಿರಲಿಲ್ಲ. "ಹೋಗಿ ಬನ್ನಿ ರತ್ನಮ್ಮ, ಮೆಸೇಜ್ ಬರುತ್ತಲ್ಲ" ಎಂದು ಧೈರ್ಯ ಹೇಳಿದವನೂ ನಾನೇ. ನಂಬಿದರು. ಬೀಗ ಹಾಕಿಕೊಂಡು ಹೋಗುವುದನ್ನು ಕಲಿತರು.

ಶುಕ್ರವಾರ ಶಾಲೆಗೆ ಹೋದೆ. ಸೈನ್ಸ್ ಟೀಚರ್ ವಿಮಲಾ ತಾರಸಿಗೆ ಕರೆದುಕೊಂಡು ಹೋದರು.

"ಕೆಟ್ಟು ಹೋಗಿದ್ಯಾ ಮೇಡಂ?"

"ಇಲ್ಲ ಸಾರ್, ಚೆನ್ನಾಗೇ ಇದೆ. ನೋಡಿ, ಲೈಟ್ ಉರೀತಿದೆ. ನಿನ್ನೆ ಮಳೇನೂ ಅಳೆದಿರತ್ತೆ, ಮೇಲಕ್ಕೂ ಕಳ್ಸಿರತ್ತೆ. ಅಲ್ಲಿ ಇಸ್ಕೊಳ್ಳೋರು ಇಲ್ಲ ಅಷ್ಟೇ. ಪ್ರಾಜೆಕ್ಟ್ ಮೂರು ವರ್ಷದ್ದು. ಮುಗೀತು."

"ಯಾರಿಗೂ ಹೇಳ್ಲಿಲ್ವಲ್ಲ?"

"ನಮಗೂ ಹೇಳ್ಲಿಲ್ಲ. ನಾನೇ ಫೋನ್ ಮಾಡಿ ಕೇಳಿದ್ದು. ಎರಡು ತಿಂಗಳಾಯ್ತು."

ಎರಡು ತಿಂಗಳು! ನಮ್ಮ ಬೀದಿಗೆ ಬಂದು ಒಂದು ಮಾತು ಹೇಳಬಹುದಿತ್ತಲ್ಲ ಎನ್ನುವುದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಲೋಟದ ಶಬ್ದ ಕೇಳಿಯೂ ಕಾಫಿ ಕುಡಿದವನಿಗೆ ಆ ಹಕ್ಕು ಎಲ್ಲಿಂದ ಬರಬೇಕು?

ಸಂಸ್ಥೆಗೆ ಮೇಲ್ ಹಾಕಿದೆ. ಬಹಳ ವಿನಯದ ಉತ್ತರ: ಯೋಜನೆ ಯಶಸ್ವಿಯಾಗಿ ಮುಗಿದಿದೆ, ಎಲ್ಲವನ್ನೂ ಸ್ಥಳೀಯರಿಗೆ ಹಸ್ತಾಂತರಿಸಲಾಗಿದೆ. ಇಲ್ಲಿಯ ಪಾಲಿಕೆ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಫೈಲಿನಿಂದ ತಲೆ ಎತ್ತದೆ, "ಅದು ನಮ್ದಲ್ಲ ಸಾರ್, ಫಾರಿನ್ನೋರ್ದು" ಎಂದರು. ಅವರು ಕೊಟ್ಟಾಯಿತು. ಇವರು ತೆಗೆದುಕೊಂಡಿಲ್ಲ. ಪೆಟ್ಟಿಗೆ ಯಾರದು?

ಕೊಟ್ಟವರನ್ನು ಬೈಯುವುದು ಸುಲಭ. ದೂರದೇಶದ ಯಾರೋ ಪುಣ್ಯಾತ್ಮರು ನಮ್ಮ ಕಾಲುವೆಯ ಬಗ್ಗೆ ಮೂರು ವರ್ಷ ಯೋಚಿಸಿದರು. ನಾವು ಒಂದು ದಿನವೂ ಯೋಚಿಸಲಿಲ್ಲ. ಮೊದಲ ವರ್ಷಕ್ಕೆ ರಿಬ್ಬನ್ ಇರುತ್ತದೆ, ಹಾರ ಇರುತ್ತದೆ, ಫೋಟೋ ಇರುತ್ತದೆ. ನಾಲ್ಕನೇ ವರ್ಷಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಬಡದೇಶಗಳ ತಾರಸಿಗಳ ಮೇಲೆ ಹೀಗೆ ಇನ್ನೆಷ್ಟು ಪೆಟ್ಟಿಗೆಗಳು ಶ್ರದ್ಧೆಯಿಂದ ಮಳೆ ಅಳೆದು ಕೇಳುವವರಿಲ್ಲದೆ ಕೂತಿವೆಯೋ. ಸರಿಹೋಗುತ್ತದೆ ಎಂದು ಬರೆಯಲು ಕೈ ಬರುತ್ತಿಲ್ಲ. ಆ ಮಾತನ್ನು ಒಮ್ಮೆ ಬರೆದಿದ್ದೇನೆ, ಸಾಕು.

ಶಿವಣ್ಣ ಬದುಕಿದ್ದಾರೆ. ಆದರೆ ಬಚ್ಚಲಲ್ಲಿ ನಲ್ಲಿ ತಿರುಗಿಸಿದರೂ ಮೈ ನಡುಗುತ್ತದೆ, ಹೆಂಡತಿಯ ಸೆರಗು ಹಿಡಿದರೆ ಬಿಡುವುದಿಲ್ಲ. ರತ್ನಮ್ಮ ಆಮೇಲೆ ಮನೆ ಬಿಟ್ಟು ಹೊರಟಿಲ್ಲ. ಒಬ್ಬೊಬ್ಬರೇ ಬಂದು ಹೊಲಿಯಲು ಕೊಟ್ಟ ಬಟ್ಟೆ ವಾಪಸ್ ಒಯ್ಯುತ್ತಿದ್ದಾರೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಂತು ಕೇಳಿದರು: "ಸಾರ್, ಒಂದು ಮದುವೆ ಮನೆ ಬ್ಲೌಸ್ ಉಳ್ಕೊಂಡಿದೆ. ನಾನೇ ಹೋಗಿ ಕೊಡ್ಬೇಕು, ಎರಡು ಗಂಟೆ ಕೆಲ್ಸ. ಹೋಗ್ಲಾ?"

ನೀವೇ ಹೇಳಿ, ಏನನ್ನಲಿ?