ಜೀರುಂಡೆಯ ನಾಮಕರಣ

ಎರಡು ವರ್ಷದ ಹಿಂದಿನ ಯುಗಾದಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕೀಟಗಳ ಸಂಶೋಧನೆ ಮಾಡುವ ನಾನು, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಕನ್ನಡಿಗರ ಪಾಟ್‌ಲಕ್‌ನಲ್ಲಿ ಖುಷಿ ತಡೆಯಲಾರದೆ ಬಾಯಿಬಿಟ್ಟೆ. ಧಾರವಾಡದ ಹೊಲದಲ್ಲಿ ನನಗೆ ಸಿಕ್ಕಿದ್ದ ಜೀರುಂಡೆ ಜಗತ್ತಿಗೇ ಹೊಸದು, ಅದಕ್ಕೆ ವೈಜ್ಞಾನಿಕ ಹೆಸರಿಡುವವಳು ನಾನೇ! ಒಮ್ಮೆ ಅಚ್ಚಾದರೆ ಯಾವ ಸರ್ಕಾರ ಬಂದರೂ ಬದಲಿಸುವಂತಿಲ್ಲ ಎಂದೂ ಸೇರಿಸಿದೆ. ಅಲ್ಲೇ ಕೆಟ್ಟಿತು.

“ನಮ್ಮ ಲೀಡರ್ ಹೆಸರಿಡಮ್ಮಾ, ಫಾರೆವರ್ ಇರತ್ತೆ,” ಎಂದರು ಬೆಂಗಳೂರು ಮೂಲದ ವಾಸು ಅಂಕಲ್.

“ಅದ್ಹೆಂಗ್ರೀ? ಹುಳ ನಮ್ಮ ಧಾರವಾಡದ್ದು. ನಮ್ಮ ಸಾಹೇಬ್ರ ಹೆಸರ ಇಡಬೇಕು,” ಎಂದರು ಎದುರು ಪಕ್ಷದ ಪ್ರಕಾಶ್ ಅಂಕಲ್.

ಒಬ್ಬಟ್ಟು ತಣ್ಣಗಾಯಿತು, ಜಗಳ ಬಿಸಿಯಾಯಿತು. ಮರುದಿನ ವಾಟ್ಸಾಪ್ ಗ್ರೂಪ್ ಎರಡು ಹೋಳು. ಯಾರೋ ನನ್ನ ಅಮೆರಿಕನ್ ಪ್ರೊಫೆಸರಿಗೂ ಈಮೇಲ್ ಬರೆದರು. ಗಲಾಟೆಯೆಂದರೆ ಆಗದ ಅವರು, “ಸೋಮವಾರದೊಳಗೆ ಇದು ನಿಲ್ಲದಿದ್ದರೆ ಹೆಸರು ನಾನೇ ಇಡುತ್ತೇನೆ,” ಎಂದುಬಿಟ್ಟರು. ನನಗೆ ಅಳುವೇ ಬಂತು. ಹೆತ್ತವಳು ನಾನು, ನಾಮಕರಣ ಊರವರದೇ?

ಭಾನುವಾರ ಹತ್ತಿರದ ರಾಬಿನ್ಸ್‌ವಿಲ್‌ನಲ್ಲಿರುವ ವಾಸು ಅಂಕಲ್ ಮನೆಯಲ್ಲಿ ಪಂಚಾಯಿತಿ ಸೇರಿತು. ಅಂಕಲ್‌ಗಳು ಕೂಗಾಡುತ್ತಿದ್ದಾಗ ಪ್ರಕಾಶ್ ಅಂಕಲ್ ಹೆಂಡತಿ ಸುಮಾ ಆಂಟಿ ನನ್ನತ್ತ ತಿರುಗಿದರು.

“ಅಲ್ಲವ್ವಾ, ಆ ಹುಳಾ ಮಾಡೋದರ ಏನು?”

ಅಯ್ಯೋ, ಇದುವರೆಗೆ ಇದನ್ನು ಒಬ್ಬರೂ ಕೇಳಿರಲಿಲ್ಲ!

“ಸಗಣಿ ಉಂಡೆ ಕಟ್ಟಿ ಉರುಳಿಸ್ಕೊಂಡು ಹೋಗತ್ತೆ ಆಂಟಿ. ಊಟಾನೂ ಅದೇ.”

ಅಂಕಲ್‌ಗಳಿಬ್ಬರೂ ನನ್ನತ್ತ ತಿರುಗಿದರು. ವಾಸು ಅಂಕಲ್ ಗಂಟಲು ಸರಿಮಾಡಿಕೊಂಡರು. “ಪ್ರಕಾಶ್, ಹುಳ ನಿಮ್ಮೂರದ್ದೇ ಅಲ್ವಾ? ನಿಮ್ಮ ಲೀಡರ್ ಹೆಸರೇ ಇರ್ಲಿ ಬಿಡಿ.”

“ಛೇ ಛೇ, ನೀವು ಹಿರಿಯರು. ನಿಮ್ಮವರ ಹೆಸರ ಛಂದ!”

“ಹಾಗಾದ್ರೆ ನಾನೇ ಇಡ್ಲಾ?” ಎಂದೆ. ಇಬ್ಬರೂ ಒಟ್ಟಿಗೆ ಹೂಂ ಎಂದು ತಲೆಯಾಡಿಸಿದರು. ಸುಮಾ ಆಂಟಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಸೋಮವಾರ ಪ್ರೊಫೆಸರಿಗೆ ಹೆಸರು ಬರೆದು ತೋರಿಸಿದೆ: unde, ‘ಉಂಡೆ’. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಲ್ಯಾಟಿನ್‌ನಲ್ಲೂ ಆ ಪದ ಇದೆ, ಗೊತ್ತಾ? ‘ಎಲ್ಲಿಂದ’ ಅಂತ ಅರ್ಥ.”

ನನಗೆ ಗೊತ್ತಿರಲಿಲ್ಲ! ಈ ದೇಶದಲ್ಲಿ ಲಿಫ್ಟ್‌ನಲ್ಲಿ, ರೈಲಿನಲ್ಲಿ, ದಿನಸಿ ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಕೇಳುವುದು ಅದೇ ತಾನೆ, ನೀನು ಎಲ್ಲಿಂದ ಎಂದು? ಮೊದಲೆಲ್ಲ ಆ ಪ್ರಶ್ನೆಗೆ ಮೈ ಉರಿಯುತ್ತಿತ್ತು. ಈಗ ನನ್ನ ಹುಳ ನೆನಪಾಗಿ ಎದೆಯುಬ್ಬುತ್ತದೆ.

ಲೇಖನ ಅಚ್ಚಾದ ದಿನ ಪ್ರಕಾಶ್ ಅಂಕಲ್ ಫೋನ್ ಬಂತು.

“ಎಲ್ಲಾ ಬರೋಬ್ಬರಿ ಅದ. ಆದ್ರ ನಮ್ಮ ಕಡೆ ಅದು ಉಂಡೆ ಅಲ್ಲವ್ವಾ, ಉಂಡಿ!”

“ಇನ್ನು ಬದಲಿಸೋಕಾಗಲ್ಲ ಅಂಕಲ್,” ಎಂದೆ. ಜನ್ಮದಲ್ಲಿ ಯಾವ ಮಾತನ್ನೂ ಅಷ್ಟು ಖುಷಿಯಿಂದ ಆಡಿರಲಿಲ್ಲ.