ಅಮ್ಮ ಬೆಳಗಾವಿಗೆ ಹೊರಟಳು

ಬೆವರುಸಾಲೆಗೆಂದು ಮಗಳು ಇವತ್ತು ಕ್ಯಾಲಮೈನ್ ಬಾಟಲಿ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಗುಲಾಬಿ ಬಣ್ಣದ ಔಷಧದ ವಾಸನೆ ಅಡುಗೆಮನೆಯವರೆಗೂ ಬಂತು, ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿಮಗೂ ಹೀಗಾಗುತ್ತದಲ್ಲ? ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಯೌವನ ನೆನಪಾಗುತ್ತದಂತೆ. ನನ್ನ ಪಾಲಿಗೆ ಬಂದದ್ದು ತುರಿಕೆಯ ಔಷಧ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಖಾನಾಪುರದಲ್ಲಿ ನಮ್ಮ ಮನೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಬೆಳಗಾವಿಯ ಹಿಂದವಾಡಿಯಲ್ಲಿದ್ದ ಒಬ್ಬ ಡಾಕ್ಟರಮ್ಮನ ಹತ್ತಿರ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ಬೆಳಗಿನ ರೈಲಿಗೆ ಹೋಗುವುದು, ಚುಚ್ಚಿಸಿಕೊಳ್ಳುವುದು, ಬಂದು ರೊಟ್ಟಿ ಬಡಿಯುವುದು. ಹಾರ್ಮೋನಿನ ಮಹಿಮೆಯೋ ಏನೋ, ಮೂವತ್ತು ದಾಟಿದ ಮುಖದ ಮೇಲೆ ಕಾಲೇಜು ಹುಡುಗಿಯರ ಹಾಗೆ ಮೊಡವೆ ಎದ್ದವು. ‘ನಿನಗ ವಯಸ್ಸ ಕಡಿಮಿ ಆಗಾಕತ್ತೈತಿ’ ಎಂದು ಗಂಡ ಕಾಡಿಸುತ್ತಿದ್ದರು. ಅವರೆದುರು ನಗುತ್ತಿದ್ದೆ. ರೈಲು ದೇಸೂರ ದಾಟುವಾಗ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಲೂ ಇದ್ದೆ.

ಕೊನೆಗೂ ಬಸಿರು ನಿಂತಿತು. ಅದೂ ಒಂದಲ್ಲ, ಎರಡು! ಸ್ಕ್ಯಾನಿಂಗಿನಲ್ಲಿ ಅವಳಿ ಎಂದು ತಿಳಿದ ದಿನ ಅತ್ತೆ ಇಡೀ ಓಣಿಗೆ ಸಕ್ಕರೆ ಹಂಚಿದರು. ಎಂಟನೇ ತಿಂಗಳ ಹೊತ್ತಿಗೆ ನನಗಿಂತ ಮೊದಲೇ ನನ್ನ ಹೊಟ್ಟೆ ಕೋಣೆಗೆ ಬಂದಿರುತ್ತಿತ್ತು.

ಆಗ ಎದ್ದವು ನೋಡಿ ಗುಳ್ಳೆಗಳು. ಮೊದಲು ಹೊಟ್ಟೆ ಹಿಗ್ಗಿ ಮೂಡಿದ್ದ ಗೆರೆಗಳ ಮೇಲೆ, ಆಮೇಲೆ ತೊಡೆಗಳಿಗೆ. ಕೆಂಪಗೆ, ಉರಿ ಉರಿ, ತುರಿಸಿದಷ್ಟೂ ಸಾಲದು. ಅತ್ತೆ ಸೆರಗು ಸರಿಸಿ ನೋಡಿದವರೇ ಹಿಂದೆ ಸರಿದು ಕೈಮುಗಿದರು.

‘ಅಮ್ಮ ಬಂದಾಳ!’

ನಮ್ಮ ಮನೆಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಅದು ರೋಗವಲ್ಲ, ದೇವಿ ಅತಿಥಿಯಾಗಿ ಬಂದಂತೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಬಂದ್, ಊಟಕ್ಕೆ ತಣ್ಣನೆಯ ಮೊಸರನ್ನ. ಔಷಧ ಕೂಡದು, ಹೊಸ್ತಿಲು ದಾಟುವಂತಿಲ್ಲ. ಗುಳ್ಳೆ ಎದ್ದವಳನ್ನು ದೇವಿಯೆಂದೇ ಕಾಣಬೇಕು, ಅವಳು ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ನಿನ್ನೆಯವರೆಗೆ ‘ಏ, ಹಾಲು ಉಕ್ಕಾಕತ್ತೈತಿ, ಎಲ್ಲಿ ಸತ್ತಿ?’ ಎಂದು ಕೂಗುತ್ತಿದ್ದ ಅತ್ತೆ ‘ತಾಯಿ, ಕುಂದರ್ರಿ, ಎಳನೀರ ಕುಡೀರಿ’ ಎನ್ನತೊಡಗಿದರು. ಸುಳ್ಳೇಕೆ ಹೇಳಲಿ, ಮೊದಲ ದಿನ ಬಹಳ ಸುಖವಾಗಿತ್ತು.

ಮರುದಿನ ಹೆದರಿಕೆ ಶುರುವಾಯಿತು. ವರ್ಷಗಟ್ಟಲೆ ಮೈಗೆ ತುಂಬಿಕೊಂಡ ಇಂಜೆಕ್ಷನ್ನೇ ವಿಷವಾಗಿ ಹೊರಬರುತ್ತಿದೆಯೇ? ಒಳಗಿನ ಎರಡು ಜೀವಗಳಿಗೂ ಹೀಗೇ ಉರಿಯುತ್ತಿದೆಯೇ? ಗಂಡ ‘ಡಾಕ್ಟರ ಕಡೆ ಹೋಗೂಣು’ ಎಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ‘ಅಮ್ಮ ಇದ್ದ ಮೈ ಹೊರಗ ಒಯ್ದರ ಕೂಸುಗಳಿಗೆ ಕೇಡು’ ಎಂದರು. ಪಾಪ, ಅವರ ಜೀವವೂ ಆ ಕೂಸುಗಳ ಮೇಲೇ ಇತ್ತು.

ನನಗೆ ಎಲ್ಲಿಂದ ಬುದ್ಧಿ ಬಂತೋ ಕಾಣೆ. ಚಾಪೆಯ ಮೇಲೆ ನೆಟ್ಟಗೆ ಕುಳಿತೆ. ಕಣ್ಣು ಅಗಲ ಮಾಡಿ, ದನಿ ದಪ್ಪ ಮಾಡಿ ಹೇಳಿದೆ: ‘ನಾ ಬೆಳಗಾವಿಗೆ ಹೋಗಬೇಕು. ಡಾಕ್ಟರ್ ಬಾಯಾರನ್ನ ನೋಡಬೇಕು.’

ಗಂಡ ಕೆಮ್ಮುತ್ತ ಹೊರಗೆ ಹೋದರು. ಅತ್ತೆ ನನ್ನ ಮುಖ ನೋಡಿದರು, ಮಡಿಲಲ್ಲಿದ್ದ ಕೈ ನೋಡಿದರು. ಆಮೇಲೆ ‘ತಾಯಿ ಅಪ್ಪಣಿ ಆತು, ನಡೀರಿ’ ಎಂದು ಸೀರೆ ಬದಲಿಸಲು ಎದ್ದರು.

ಬೇವಿನ ಟೊಂಗೆ ಹಿಡಿದು ಅತ್ತೆ ರೈಲು ಹತ್ತಿದ್ದನ್ನು ಕಂಡು, ಕಿಕ್ಕಿರಿದ ಡಬ್ಬಿಯಲ್ಲಿ ಒಂದಿಡೀ ಬೆಂಚು ನಮಗಾಗಿ ಖಾಲಿಯಾಯಿತು. ಒಬ್ಬ ಮರಾಠಿ ಅಜ್ಜಿ ಮಾತ್ರ ಗಲ್ಲ ಬಡಿದುಕೊಂಡು ನನಗೆ ನಮಸ್ಕಾರ ಮಾಡಿದಳು. ನಾನು ಆಶೀರ್ವಾದವನ್ನೂ ಮಾಡಿಬಿಟ್ಟೆ.

ಡಾಕ್ಟರಮ್ಮ ರಕ್ತ ತೆಗೆದು ತಪಾಸಣೆಗೆ ಕಳಿಸಿದರು, ಹೊಟ್ಟೆಯನ್ನು ದೀಪ ಹಿಡಿದು ನೋಡಿದರು. ‘ಇದು ಅಮ್ಮ ಅಲ್ರಿ. ನೋಡ್ರಿ, ಹೊಕ್ಕಳಾ ಬಿಟ್ಟು ಸುತ್ತಲೂ ಎದ್ದಾವು. ಹೊಟ್ಟಿ ಭಾಳ ಜಗ್ಗಿದಾಗ ಹಿಂಗ ಆಗತೈತಿ. ಹಡದ ಮ್ಯಾಲ ತಾನ ಹೋಗತಾವು, ಅಲ್ಲೀತನಕ ತುರಿಕಿಗೆ ಈ ಕ್ಯಾಲಮೈನ್ ಹಚ್ಚರಿ. ಕೂಸುಗಳಿಗೆ ಏನೂ ತ್ರಾಸಿಲ್ಲ.’

‘ಇಂಜೆಕ್ಷನ್ ವಿಷಾ ಅಲ್ಲಲ್ರೀ?’ ಎಂದೆ.

‘ವಿಷಾ ಎಲ್ಲೀದು? ಇಂಜೆಕ್ಷನ್ ತಗೊಂಡವರಿಗೆ ಅವಳಿ ಆಗೂದು ಹೆಚ್ಚು. ಅವಳಿ ಇದ್ದರ ಚರ್ಮ ಹೆಚ್ಚ ಜಗ್ಗತೈತಿ. ಅಷ್ಟ ಸಂಬಂಧ.’

ಆಮೇಲೆ ಹೊಟ್ಟೆಗೆ ಒಂದು ಸಣ್ಣ ಯಂತ್ರ ಹಚ್ಚಿ ಎದೆಬಡಿತ ಕೇಳಿಸಿದರು. ಮೊದಲು ಒಂದು, ಅತ್ತ ಸರಿಸಿದರೆ ಇನ್ನೊಂದು. ‘ಅಯ್ಯ, ಕುದರಿ ಓಡಿದಂಗ ಆಗಾಕತ್ತೈತಲ್ಲ!’ ಎಂದು ಅತ್ತೆ ಟೊಂಗೆ ಕೆಳಗಿಟ್ಟು ಕೈ ತಟ್ಟಿದರು. ಇಬ್ಬರೂ ಅಳುತ್ತ ನಕ್ಕೆವು. ಅಷ್ಟು ಸಂತೋಷ ನನಗೆ ಹೆರಿಗೆಯ ದಿನವೂ ಆಗಲಿಲ್ಲ, ಖರೇ ಹೇಳುತ್ತೇನೆ.

ನುಣುಪು ಮೈಯ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಗುಳ್ಳೆಗಳು ಹೇಳದೆ ಕೇಳದೆ ಹೋದವು. ಅತ್ತೆಯನ್ನೇ ಏಮಾರಿಸಿದ ಜಾಣೆ ನಾನು ಎಂಬ ಜಂಬ ಮಾತ್ರ ಇಷ್ಟು ವರ್ಷವೂ ಉಳಿದಿತ್ತು.

ಇವತ್ತು ಅದನ್ನು ಹೇಳಿಯೇ ಬಿಡೋಣವೆನಿಸಿತು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದರು. ‘ಅತ್ತಿ, ಅವತ್ತ ಬೆಳಗಾವಿಗೆ ಹೋಗಬೇಕು ಅಂದಾಕಿ ದೇವಿ ಅಲ್ರಿ, ನಾನ’ ಎಂದು ನಕ್ಕೆ.

ಅವರು ತಲೆಯೆತ್ತಲಿಲ್ಲ. ‘ಗೊತ್ತಿತ್ತಲ್ಲ. ದೇವಿ ಮಾತಾಡೂಮುಂದ ಕೈ ನಡಗತಾವೇನ? ಈ ಮನೀಗೆ ಬಂದಾಗಿಂದ ನೀ ಬಾಯಿ ಬಿಟ್ಟು ಏನೂ ಬೇಡಿದಾಕಿ ಅಲ್ಲ. ಅವತ್ತ ಮೊದಲನೇ ಸಲ ಬೇಡಿದಿ. ದೇವಿಗೆ ಬೇಕಾದ್ರ ಆಮ್ಯಾಲ ತಪ್ಪುಗಾಣಿಕಿ ಹಾಕಿದ್ರಾತು ಅಂತ ಹೊಂಟೆ.’

ಮಾತು ನನ್ನದೆಂದು ತಿಳಿದಿದ್ದರೂ ಗುಳ್ಳೆ ಅಮ್ಮನದೇ ಎಂದು ನಂಬಿಕೊಂಡು, ಅವಳ ಸಿಟ್ಟನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡು, ಅತ್ತೆ ನನ್ನ ಜೊತೆ ರೈಲು ಹತ್ತಿದ್ದರು. ಒಲೆ ಆರಿಸಿ ಬಂದು ಅವರ ಮುಂದೆ ಕಟ್ಟೆಯ ಕೆಳಗೆ ಕುಳಿತೆ. ಅರವತ್ತರ ಹತ್ತಿರದ ಸೊಸೆ ನಾನು, ಆದರೂ ಹೊಸ ಸೊಸೆಯ ಹಾಗೆ ಹಿಂಜರಿಯುತ್ತ ಕೇಳಿದೆ.

‘ಅತ್ತಿ, ನನ್ನ ತಲಿಗೆ ಒಂಚೂರ ಎಣ್ಣಿ ಹಚ್ಚರಿ.’

‘ಎಷ್ಟ ತಡಾ ಮಾಡಿದಿ ನೋಡು’ ಎಂದು ಅತ್ತೆ ಬೆಳ್ಳುಳ್ಳಿಯ ಕೈಯನ್ನು ಸೆರಗಿಗೆ ಒರೆಸಿಕೊಂಡರು.